ಡೊಂಕು ದಿಮ್ಮಿಗೆ ಒಂದು ರೋಲರ್

ಮೈಸೂರು ರಸ್ತೆ ಕಡೆ ನಮ್ಮದೊಂದು ಸಣ್ಣ ಸಾಮಿಲ್. ತೂಬಗೆರೆ ಕಡೆಯಿಂದ ಹಲಸಿನ ದಿಮ್ಮಿ ಬರುತ್ತವೆ. ಹಲಸು ನೆಟ್ಟಗೆ ಬೆಳೆಯೋದು ಕಡಿಮೆ, ಅಲ್ವಾ? ಡೊಂಕು ದಿಮ್ಮಿ ಕಂಡರೆ ನಮ್ಮ ಮಿಲ್ ಹುಡುಗ "ಸುಮ್ನೆ ಸೌದೆಗೆ ಹಾಕಿ ಸಾರ್" ಅನ್ನುತ್ತಿದ್ದ.

ಡೊಂಕಿಗೆ ಸುಲಭದ ಮದ್ದು ಅಂದರೆ ನಡುವೆ ಎರಡು ತುಂಡು ಮಾಡೋದು. ಉದ್ದ ಅರ್ಧವಾದರೆ ಬಾಗು ಅರ್ಧವಲ್ಲ, ಕಾಲು ಭಾಗಕ್ಕೆ ಇಳಿಯುತ್ತದೆ. 3 ಇಂಚು ಇದ್ದದ್ದು ಮುಕ್ಕಾಲು ಇಂಚು. ಆದರೆ ಗಿರಾಕಿಗೆ 8 ಅಡಿ ಹಲಗೆಯೇ ಬೇಕು ಅಂದರೆ?

ಸ್ವೀಡನ್, ಕೆನಡಾ ಕಡೆಯ ದೊಡ್ಡ ಮಿಲ್‌ಗಳಲ್ಲಿ ದಿಮ್ಮಿಯ ಬಾಗನ್ನು ಸ್ಕ್ಯಾನ್ ಮಾಡಿ, ಗರಗಸ ಆ ಬಾಗಿನ ಜೊತೆಗೇ ಹೋಗುವ ಹಾಗೆ ಕೊಯ್ಯುತ್ತಾರೆ. ಅಷ್ಟು ದುಡ್ಡು ನಮ್ಮ ಹತ್ತಿರ ಎಲ್ಲಿ? ನಾನು ಮಾಡಿದ್ದು ಇಷ್ಟೇ. 8 ಅಡಿ ಉದ್ದ, 12 ಇಂಚು ದಪ್ಪ, ದಾರ ಹಿಡಿದರೆ ನಡುವೆ 3 ಇಂಚು ಬಾಗು ಇದ್ದ ದಿಮ್ಮಿಯನ್ನು ಡೊಂಕು ಪಕ್ಕಕ್ಕೆ ಬರುವ ಹಾಗೆ ಮಲಗಿಸಿ, ಬೆಣೆ ಹೊಡೆದು, ಅಡ್ಡ ಬ್ಯಾಂಡ್ ಸಾದಲ್ಲಿ (ಬ್ಲೇಡು ಅಡ್ಡಡ್ಡ ಓಡುವ ಪಟ್ಟಿ ಗರಗಸ) ಮೇಲೆ ಕೆಳಗೆ ಸಿಪ್ಪೆ ತೆಗೆದೆ. 8 ಇಂಚು ಎತ್ತರದ, ಬಾಳೆಹಣ್ಣಿನ ಆಕಾರದ ತೊಲೆ ಉಳಿಯಿತು. ಆಮೇಲೆ ಅದನ್ನು ನಿಂತ ಬ್ಯಾಂಡ್ ಸಾ ಟೇಬಲ್ ಮೇಲೆ ಚಪ್ಪಟೆಯಾಗಿ ಇಟ್ಟೆ.

ಇಲ್ಲೇ ಮೊದಲ ಸಲ ಎಡವಿದ್ದು. ಉದ್ದದ ನೇರ ಗೈಡ್ ಪಟ್ಟಿಗೆ ಒತ್ತಿ ತಳ್ಳಿದರೆ ತೊಲೆ ತೂಗಾಡಿ ಹಲಗೆ ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳು ಬಂತು. ಪಟ್ಟಿ ಬಿಚ್ಚಿ ಬಿಸಾಕಿ, ಬ್ಲೇಡಿನ ಹಲ್ಲಿಗೆ ನೇರವಾಗಿ, ಹಲಗೆಯ ದಪ್ಪದಷ್ಟು ಜಾಗ ಬಿಟ್ಟು, ಒಂದೇ ಒಂದು ಕಬ್ಬಿಣದ ರೋಲರ್ ನಿಲ್ಲಿಸಿದೆ. ಮೊದಲ ಕೊಯ್ತ ಮಾತ್ರ ಪೆನ್ಸಿಲ್ ಗುರುತು ನೋಡಿಕೊಂಡು. ಮುಂದೆ ಕೊಯ್ದ ಮೈಯನ್ನೇ ರೋಲರಿಗೆ ತಾಗಿಸುತ್ತಾ ನಿಧಾನ ತಳ್ಳಿದರೆ ಎಲ್ಲಾ ಹಲಗೆಯೂ ಒಂದೇ ದಪ್ಪ. ಅಗಲದ ಬ್ಲೇಡು ತಿರುಗುತ್ತದಾ ಅಂತ ಭಯ ಇತ್ತು. ಲೆಕ್ಕ ಹಾಕಿದರೆ ಆ ಬಾಗು 32 ಅಡಿ ತ್ರಿಜ್ಯದ ವೃತ್ತದ ತುಣುಕು, ಬ್ಲೇಡಿಗೆ ಅದು ತಿರುವೇ ಅಲ್ಲ.

ನೇರ ಕೊಯ್ದರೆ ಇಂಥ ದಿಮ್ಮಿಯಲ್ಲಿ 1 ಇಂಚಿನ ಹಲಗೆ ಐದು. ಹೀಗೆ ಏಳು ಬಂದವು.

ಹಲಗೆ ಬಿಲ್ಲಿನ ಹಾಗೆ ಇರುತ್ತವೆ ನಿಜ, ಆದರೆ ಬಾಗಿರೋದು ದಪ್ಪದ ದಿಕ್ಕಿನಲ್ಲಿ. ಹಸಿ ಇರುವಾಗಲೇ ನಡುವೆ ರೀಪರ್ ಕೊಟ್ಟು, ಒಂದರ ಮೇಲೊಂದು ಪೇರಿಸಿ, ಮೇಲೆ ಸೈಜುಗಲ್ಲು ಹೇರಿದೆ. ಒಣಗುತ್ತಾ ಒಣಗುತ್ತಾ ನೆಟ್ಟಗಾದವು. ಅದೇ ಧೈರ್ಯದಲ್ಲಿ 2 ಇಂಚಿನವನ್ನೂ ಕೊಯ್ದೆ ನೋಡಿ, ಕಲ್ಲು ಎಷ್ಟು ಹೇರಿದರೂ ಜಗ್ಗಲಿಲ್ಲ. ಕೊನೆಗೆ ಅವನ್ನು ಎರಡೆರಡು ಅಡಿ ತುಂಡು ಮಾಡಿ ಸ್ಟೂಲಿನ ಕಾಲಿಗೆ ಕೊಟ್ಟೆ.