ಕಿತ್ತಳೆಯ ನೆರಳಿಗೆ ಕಪ್ಪು ಬೇಡ

ಚಿತ್ರದಲ್ಲಿ ಕಿತ್ತಳೆ ಹಣ್ಣಿನ ನೆರಳಿಗೆಂದು ಕಪ್ಪು ಬೆರೆಸಿದರೆ ಹಣ್ಣು ಕೊಳೆತಂತಾಗುತ್ತದೆ. ಹಳದಿಗೆ ಕಪ್ಪು ಸೇರಿದರೆ ಪಾಚಿ ಹಸಿರು, ಕಿತ್ತಳೆಗೆ ಸೇರಿದರೆ ಮಂಕು ಕಂದು. ಫ್ರಾನ್ಸಿನ ಚಿತ್ರಕಾರ ಪೌಲ್ ಸೆಜಾನ್ (1839–1906) ಹಣ್ಣನ್ನು ಬೆಳಕಿನಿಂದ ಕತ್ತಲಿಗೆ ಇಳಿಸದೆ, ಒಂದು ಬಣ್ಣದಿಂದ ಪಕ್ಕದ ಬಣ್ಣಕ್ಕೆ ದಾಟಿಸಿದ. ಆತ ಮತ್ತೆ ಮತ್ತೆ ಹೇಳುತ್ತಿದ್ದ ‘ಸಂವೇದನೆ’ ಎಂದರೆ ಹಣ್ಣಿಗೆ ಇರಬೇಕೆಂದು ನಾವು ನಂಬಿದ ಬಣ್ಣವಲ್ಲ, ಆ ಹೊತ್ತಿಗೆ ಕಣ್ಣಿಗೆ ತಾಗುವ ಬಣ್ಣ.

ಅದೆಷ್ಟು ಚಂಚಲ ಎಂದು ಮೊದಲು ನೋಡಿಕೊಳ್ಳಿ. ಅಲ್ಟ್ರಾಮರೀನ್ ನೀಲಿ, ಬರ್ನ್ಟ್ ಸಿಯೆನ್ನಾ (ಕೆಂಗಂದು), ಬಿಳಿ ಸೇರಿಸಿ ನಡುಮಟ್ಟದ ಬೂದು ಮಾಡಿ, ಕಾಗದಕ್ಕೆ ಬಳಿದು 2 ಸೆಂ.ಮೀ.ನ ಎರಡು ಚೌಕ ಕತ್ತರಿಸಿ. ಒಂದನ್ನು 10 ಸೆಂ.ಮೀ. ಕೆಂಪು ಕಾಗದದ ಮೇಲೆ, ಇನ್ನೊಂದನ್ನು ಅಷ್ಟೇ ದೊಡ್ಡ ಹಸಿರಿನ ಮೇಲೆ ಇಡಿ. ಕೆಂಪಿನ ಮೇಲಿನ ಬೂದು ಹಸಿರಿನತ್ತ, ಹಸಿರಿನ ಮೇಲಿನದು ಕೆಂಪಿನತ್ತ ವಾಲುತ್ತದೆ. ವ್ಯತ್ಯಾಸ ಕಾಣದಿದ್ದರೆ ಬೂದು ಹಿನ್ನೆಲೆಗಿಂತ ತೀರಾ ತಿಳಿಯಾಗಿಯೋ ಗಾಢವಾಗಿಯೋ ಇರುತ್ತದೆ. ತೆಳು ಟಿಶ್ಯೂ ಕಾಗದ ಹೊದಿಸಿದರೆ ಇನ್ನೂ ಸ್ಪಷ್ಟ. ಪ್ಯಾರಿಸ್ಸಿನ ಗೊಬ್ಲಾಂ ನೇಯ್ಗೆ ಕಾರ್ಖಾನೆಯಲ್ಲಿ ಕಪ್ಪು ನೂಲು ಮಂಕೆಂಬ ದೂರು ಬಂದಾಗ ರಸಾಯನಶಾಸ್ತ್ರಜ್ಞ ಶೆವ್ರುಲ್ ಕಂಡುಕೊಂಡದ್ದೂ ಇದನ್ನೇ: ದೋಷ ಕಪ್ಪಿನಲ್ಲಿರಲಿಲ್ಲ, ಪಕ್ಕದ ನೀಲಿ-ನೇರಳೆ ನೂಲು ಹಾಗೆ ಕಾಣಿಸುತ್ತಿತ್ತು. 1839ರಲ್ಲಿ ಆತ ಅದನ್ನು ನಿಯಮವಾಗಿ ಪ್ರಕಟಿಸಿದ.

ಈಗ ಹಣ್ಣು. ನೀಲಿ ಬಟ್ಟೆಯ ಮೇಲಿಟ್ಟು, ಒಂದೇ ಕಿಟಕಿಯ ಬೆಳಕು ಬೀಳಲಿ. ಹಳದಿ ಬಲ್ಬು ಆಫ್ ಮಾಡಿ, ಇಲ್ಲವೆಂದರೆ ನೆರಳಿಗೆ ಎರಡು ಬಣ್ಣ ಬರುತ್ತದೆ. 20×25 ಸೆಂ.ಮೀ. ಬೋರ್ಡು, 12 ಮಿ.ಮೀ. ಚಪ್ಪಟೆ ಬ್ರಷ್ ಸಾಕು. ಅತಿ ಗಾಢ ಜಾಗದಿಂದ ಶುರುಮಾಡಿ: ಅಲಿಜರಿನ್ ಕ್ರಿಮ್ಸನ್ ಎಂಬ ಕಡುಗೆಂಪಿಗೆ ಚೂರು ಅಲ್ಟ್ರಾಮರೀನ್. ಅದರ ಪಕ್ಕಕ್ಕೆ ಕ್ರಿಮ್ಸನ್ ಜೊತೆ ಕ್ಯಾಡ್ಮಿಯಂ ಕೆಂಪು, ಆಮೇಲೆ ಶುದ್ಧ ಕಿತ್ತಳೆ, ಬೆಳಕಿನ ಕಡೆ ಹಳದಿ ಬೆರೆತ ಕಿತ್ತಳೆ. ಐದಾರು ಪಟ್ಟೆ ಸಾಕು. ಬಣ್ಣದ ಕಡುಪು ಹೆಚ್ಚಿರುವುದು ನೆರಳು-ಬೆಳಕಿನ ನಡುವೆ, ಹೊಳಪಿನ ಚುಕ್ಕೆಯಲ್ಲಲ್ಲ. ಪಟ್ಟೆಗಳನ್ನು ತಿಕ್ಕಿ ಒಂದಾಗಿಸಬೇಡಿ. ಅಂಚು ಕರಗಿದರೆ ಪರಸ್ಪರ ಕೆಣಕುವ ಗುಣವೂ ಹೋಗುತ್ತದೆ.

ಕೆಳಬದಿಯಲ್ಲಿ ಬಟ್ಟೆಯ ನೀಲಿ ಪ್ರತಿಫಲಿಸುತ್ತದೆ. ಅಲ್ಲಿ ನೀಲಿ ಹಚ್ಚುವವರೇ ಹೆಚ್ಚು, ಆಗ ಆ ಪಟ್ಟೆ ತೂತಿನಂತೆ ಕಾಣುತ್ತದೆ. ಕಿತ್ತಳೆಗೆ ಸ್ವಲ್ಪ ಅಲ್ಟ್ರಾಮರೀನ್ ಸೇರಿಸಿದ ಬೂದುಗಂದು ಹಾಕಿ. ಸುತ್ತಲಿನ ಕಿತ್ತಳೆಯೇ ಅದನ್ನು ನೀಲಿಯಾಗಿಸುತ್ತದೆ.

ಒಂದೇ ಜಾಗವನ್ನು ಎವೆಯಿಕ್ಕದೆ ನೋಡಬೇಡಿ, ಕಣ್ಣು ದಣಿದು ಬಣ್ಣ ಮಂಕಾಗುತ್ತದೆ. ಹಣ್ಣು, ಬಟ್ಟೆ, ಹಣ್ಣು ಎಂದು ಕಣ್ಣು ಓಡಾಡಲಿ. ರಟ್ಟಿನ ತೂತಿನಿಂದ ನೋಡಿ ಬಣ್ಣ ಹೊಂದಿಸುವ ಉಪಾಯ ಇಲ್ಲಿ ಅರ್ಧಂಬರ್ಧ: ತೂತು ನೆರೆಯವರನ್ನೇ ಮುಚ್ಚಿಬಿಡುತ್ತದೆ.

ಹೊಂದುವ ಬಣ್ಣ ಸಿಗದಿದ್ದರೆ ಆ ಜಾಗ ಖಾಲಿ ಬಿಡಿ. ಕಲಾವ್ಯಾಪಾರಿ ವೊಲಾರ್, ಸೆಜಾನ್ ಬರೆದ ತನ್ನ ಭಾವಚಿತ್ರಕ್ಕೆ (1899) 115 ಸಲ ಕೂತದ್ದಾಗಿ ಬರೆದಿದ್ದಾನೆ. ಕೈಯ ಮೇಲೆ ಎರಡು ಚುಕ್ಕೆ ಆಗಲೂ ಬರಿದಾಗಿದ್ದವು. ಅಲ್ಲಿ ಏನಾದರೊಂದು ಹಚ್ಚಿದರೆ ಆ ಚುಕ್ಕೆಯಿಂದಲೇ ಇಡೀ ಚಿತ್ರ ಮತ್ತೆ ಬರೆಯಬೇಕಾದೀತು ಎಂಬುದು ಸೆಜಾನನ ಉತ್ತರ. ಖಾಲಿ ಬಿಳುಪು ತೀರಾ ಕುಕ್ಕಿದರೆ, ಮುಂದಿನ ಸಲ ಬೋರ್ಡಿಗೆ ಮೊದಲೇ ತೆಳು ಬೂದು ಬಳಿದಿಡಿ.