ಕೊಡಲಿ ಬಿಡುವ ಪಾಠ

ಕಾಡ್ಗಿಚ್ಚು ನಂದಿಸುವ ತಂಡಗಳಿಗೆ ಸುರಕ್ಷತೆಯ ತರಬೇತಿ ಕೊಡತೊಡಗಿದ ಹೊಸತರಲ್ಲಿ ನಾನು ಹಳೆಯ ದುರಂತಗಳನ್ನು ಸತ್ತವರ ಸಂಖ್ಯೆಯಿಂದಲೇ ಶುರು ಮಾಡುತ್ತಿದ್ದೆ. ಅಮೆರಿಕದ ಮ್ಯಾನ್ ಗಲ್ಚ್, 1949, 13 ಜನ. ಸೌತ್ ಕ್ಯಾನ್ಯನ್, 1994, 14 ಜನ. ಯಾರ್ನೆಲ್ ಹಿಲ್, 2013, 19 ಜನ. ಎಲ್ಲರೂ ಸ್ವಲ್ಪ ಹೊತ್ತು ಸುಮ್ಮನಿರುತ್ತಿದ್ದರು. ಆಮೇಲೆ ಯಾರಾದರೊಬ್ಬರು, "ಅವರು ಅಲ್ಲಿಗೆ ಇಳಿಯಲೇಬಾರದಿತ್ತು ಸರ್" ಅನ್ನುತ್ತಿದ್ದರು. ಉಳಿದವರು ತಲೆಯಾಡಿಸುತ್ತಿದ್ದರು. ಸತ್ತವರ ತಪ್ಪು ಎಣಿಸಿ ಎದ್ದು ಹೋಗುತ್ತಿದ್ದರು, ಅಷ್ಟೇ.

ಈಗ ಊರಿನ ಹೆಸರನ್ನೂ ಹೇಳುವುದಿಲ್ಲ. ಮೇಜಿನ ಮೇಲೆ ಮರಳು ಸುರಿದು ಯಾರ್ನೆಲ್‌ನ ಗುಡ್ಡ, ತಗ್ಗು ಮಾಡುತ್ತೇನೆ. ಬೆಂಕಿಗೆ ಕೆಂಪು ಉಣ್ಣೆ ದಾರ. "ನೀವು ಸುಟ್ಟ ನೆಲದ ಮೇಲೆ ನಿಂತಿದ್ದೀರಿ, ಇಲ್ಲಿ ಉರಿಯಲು ಏನೂ ಉಳಿದಿಲ್ಲ. ಬೆಂಕಿ ಊರಿನತ್ತ ತಿರುಗಿದೆ. ಕೆಳಗೊಂದು ತೋಟದ ಮನೆ ಇದೆ, ಅದೂ ಸುರಕ್ಷಿತ ಜಾಗವೇ. ಏನು ಮಾಡುತ್ತೀರಿ?" ಹೆಚ್ಚಿನವರು ಇಳಿಯುತ್ತಾರೆ. ಊರು ಉಳಿಸಬೇಕೆಂಬ ಹಂಬಲ ಇದ್ದವರೇ ಅಲ್ಲವೇ ಈ ಕೆಲಸಕ್ಕೆ ಬರುವುದು! ತಗ್ಗಿಗಿಳಿದ ಮೇಲೆ ಬೆಂಕಿ ಕಣ್ಣಿಗೆ ಬೀಳುವುದಿಲ್ಲ, ಸುತ್ತ ಬರೀ ಪೊದೆ. ಆಗ ಗುಡುಗು ಮಳೆಯ ಮೋಡದಿಂದ ನುಗ್ಗುವ ಗಾಳಿ ದಿಕ್ಕು ಬದಲಿಸುತ್ತದೆ, ನಾನು ದಾರ ಎಳೆಯುತ್ತೇನೆ. ಆಮೇಲಷ್ಟೇ 19 ಅನ್ನುವ ಸಂಖ್ಯೆ ಹೇಳುತ್ತೇನೆ. ಆಗ ಯಾರೂ ತಪ್ಪು ಎಣಿಸುವುದಿಲ್ಲ. ಕಾವಲಿಗೆ ಯಾರಿದ್ದರು, ರೇಡಿಯೊದಲ್ಲಿ ಯಾರು ಸಿಗುತ್ತಿದ್ದರು, ವಾಪಸ್ ದಾರಿ ಎಷ್ಟು ಹೊತ್ತಿನದು ಎಂದು ತಾವಾಗಿಯೇ ಕೇಳುತ್ತಾರೆ.

ಮ್ಯಾನ್ ಗಲ್ಚ್ ನನ್ನನ್ನು ಇನ್ನೊಂದು ರೀತಿಯಲ್ಲಿ ಕಾಡುತ್ತದೆ. ನದಿಯ ದಾರಿಗೆ ಬೆಂಕಿ ಅಡ್ಡ ಬಂದಾಗ ತಂಡ ಕಡಿದಾದ ಏರಿನಲ್ಲಿ ಓಡಿತು. ಮುಖಂಡ ವ್ಯಾಗ್ನರ್ ಡಾಜ್ ಎದುರಿಗಿದ್ದ ಒಣಹುಲ್ಲಿಗೆ ತಾನೇ ಬೆಂಕಿ ಹಚ್ಚಿ, ಸುಟ್ಟ ಜಾಗಕ್ಕೆ ಬನ್ನಿ ಎಂದು ಕರೆದ. ಯಾರೂ ಹೋಗಲಿಲ್ಲ. ಅಂಥದ್ದೊಂದನ್ನು ಅವರಿಗೆ ಯಾರೂ ಕಲಿಸಿರಲಿಲ್ಲ. ಬೂದಿಯಲ್ಲಿ ಬೋರಲು ಮಲಗಿದ ಡಾಜ್ ಉಳಿದ. ಬಂಡೆಸಾಲಿನ ಸಂದಿಯಿಂದ ನುಸುಳಿದ ಇಬ್ಬರು ಉಳಿದರು. ಆ ಇಬ್ಬರಲ್ಲೊಬ್ಬ, ಸಲಕರಣೆ ಬಿಡಿ ಎಂಬ ಆದೇಶ ಬಂದ ಮೇಲೂ, ಜೊತೆಗಾರನ ಸಲಿಕೆಯನ್ನು ಇಸಿದುಕೊಂಡು ಮರಕ್ಕೆ ಒರಗಿಸಿಟ್ಟಿದ್ದ.

ಇದನ್ನು ಓದಿದಾಗ ನನಗೆ ನಂಬಿಕೆ ಬಂದಿರಲಿಲ್ಲ. ಆಮೇಲೆ ಒಂದು ಅಭ್ಯಾಸದಲ್ಲಿ, ಏರಿನ ಅರ್ಧದಲ್ಲಿ, "ಎಲ್ಲ ಬಿಟ್ಟು ಓಡಿ!" ಎಂದು ಕೂಗಿದೆ. ಒಬ್ಬ ಹುಡುಗ ನಿಂತ. ಬಗ್ಗಿದ. ಯಾರ ಕಾಲಿಗೂ ತಾಗದಂತೆ ಕೊಡಲಿಯ ಬಾಯಿಯನ್ನು ಕಲ್ಲಿನ ಕಡೆ ತಿರುಗಿಸಿ, ಮೆಲ್ಲಗೆ ಇಟ್ಟು, ಆಮೇಲೆ ಓಡಿದ. ಬೇರೆ ಇಬ್ಬರು ಕೊಡಲಿ ಹಿಡಿದೇ ಮೇಲೆ ಬಂದರು, ಕೈಯಲ್ಲಿದೆ ಅನ್ನುವುದೇ ಅವರಿಗೆ ಗೊತ್ತಿರಲಿಲ್ಲ. ಬೈಯಲು ಬಾಯಿ ಬರಲಿಲ್ಲ ನನಗೆ. ಸಲಕರಣೆಯನ್ನು ಜೋಪಾನ ಮಾಡಿ, ಎಲ್ಲೆಂದರಲ್ಲಿ ಎಸೆಯಬೇಡಿ ಎಂದು ಮೊದಲ ದಿನವೇ ಹೇಳಿಕೊಟ್ಟವನು ನಾನೇ.

ಅಂದಿನಿಂದ ಅದೇ ಏರನ್ನು ಎರಡು ಸಲ ಓಡಿಸುತ್ತೇನೆ, ಒಮ್ಮೆ ಹೊರೆ ಹೊತ್ತು, ಒಮ್ಮೆ ಬರಿಗೈಯಲ್ಲಿ. ಗಡಿಯಾರವನ್ನು ಅವರ ಕೈಗೇ ಕೊಡುತ್ತೇನೆ. ಮೊದಲ ದಿನ ಕೊಡಲಿ ಹಂಚುವಾಗ, ಅದನ್ನು ಹಿಡಿಯುವುದು ಹೇಗೆಂದು ತೋರಿಸುವ ಮೊದಲೇ, ಒಬ್ಬೊಬ್ಬರಿಂದಲೂ ಒಮ್ಮೆ ನೆಲಕ್ಕೆ ಬಿಡಿಸುತ್ತೇನೆ.