ಗೇಟು ಹೋಗಿದ್ದು ನಿಜ, ವಿಡಿಯೋ ಸುಳ್ಳು

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟಿನ ಚೈನು ತುಂಡಾಗಿ ಗೇಟು ಕೊಚ್ಚಿಕೊಂಡು ಹೋಯಿತು. ಇದು ನಿಜ. ಮರುದಿನ ಬೆಳಗಾಗುವಷ್ಟರಲ್ಲಿ ಗಂಗಾವತಿ ಕಡೆಯ ನಮ್ಮ ಊರಿನ ವಾಟ್ಸಾಪ್ ಗ್ರೂಪಿಗೆ ಇನ್ನೊಂದು ಸುದ್ದಿ ಬಂದಿತ್ತು. ‘ಡ್ಯಾಮೇ ಒಡೆಯುತ್ತಿದೆ, ಹೊಳೆ ದಂಡೆಯವರು ಈಗಲೇ ಊರು ಬಿಡಿ.’ ಜೊತೆಗೊಂದು ವಿಡಿಯೋ. ಅದು ಸುಳ್ಳು.

ನಾನು ಊರಿನ ಗ್ರಂಥಾಲಯ ನೋಡಿಕೊಳ್ಳುವವನು, ಆ ಗ್ರೂಪಿನ ಅಡ್ಮಿನ್ ಕೂಡ. ಇಂಥದ್ದು ಬಂದಾಗ ‘ಇದು ಖರೇನಾ?’ ಅಂತ ಜನ ನನ್ನನ್ನೇ ಕೇಳುತ್ತಾರೆ. ಇಷ್ಟು ವರ್ಷದಲ್ಲಿ ನಾನು ಕಂಡಂತೆ ಹಸಿ ಸುಳ್ಳು ಬರುವುದು ಕಡಿಮೆ. ಯಾವುದೋ ಒಂದು ನಿಜದ ಬೆನ್ನೇರಿ ಬರುವುದೇ ಜಾಸ್ತಿ. ಅದಕ್ಕೇ ವಿಡಿಯೋ ಅಸಲಿಯೋ ನಕಲಿಯೋ ಅಂತ ನಾನು ಶುರು ಮಾಡುವುದಿಲ್ಲ. ಇದು ಎಲ್ಲಿಯದು, ಯಾವಾಗಿನದು ಅಂತ ನೋಡುತ್ತೇನೆ.

ಆ ವಿಡಿಯೋವನ್ನು ಮೊದಲು ಸೌಂಡ್ ಬಂದ್ ಮಾಡಿ ನೋಡಿದೆ. ಅದಕ್ಕೆ ಸೇರಿಸಿದ ಮ್ಯೂಸಿಕ್ಕು, ಕಿರುಚಾಟ ಕೇಳುತ್ತಿದ್ದರೆ ಎದೆ ಹೊಡೆದುಕೊಳ್ಳುತ್ತದೆ, ಕಣ್ಣು ಏನನ್ನೂ ಗಮನಿಸುವುದಿಲ್ಲ. ‘ಗೇಟು ಮುರಿದ ಕ್ಷಣ’ ಅಂತ ಮೇಲೆ ಬರೆದಿತ್ತು. ಗೇಟು ಹೋದದ್ದು ರಾತ್ರಿ, ವಿಡಿಯೋದಲ್ಲಿ ಸುಡು ಬಿಸಿಲು! ಎರಡೂ ಬದಿ ದಟ್ಟ ಕಾಡಿನ ಕಡಿದಾದ ಗುಡ್ಡ. ನಮ್ಮ ಕಡೆ ಬೋಳು ಬಂಡೆಗುಡ್ಡ ಬಿಟ್ಟರೆ ಬೇರೇನಿದೆ? ನಮ್ಮ ಡ್ಯಾಮಿಗೆ ಸಾಲಾಗಿ 33 ಗೇಟು. ಅಲ್ಲಿ ಬೆರಳೆಣಿಕೆಯಷ್ಟು.

ಆಮೇಲೆ ಚೆನ್ನಾಗಿ ಕಾಣುವ ಕಡೆ ವಿಡಿಯೋ ನಿಲ್ಲಿಸಿ ಸ್ಕ್ರೀನ್‌ಶಾಟ್ ತೆಗೆದೆ. ಮೇಲೆ ಅಂಟಿಸಿದ್ದ ಕನ್ನಡ ಬರಹವನ್ನು ಕ್ರಾಪ್ ಮಾಡಿದೆ. ಇದು ಮುಖ್ಯ, ಇಲ್ಲದಿದ್ದರೆ ಗೂಗಲ್ ಲೆನ್ಸ್ (ಚಿತ್ರ ಕೊಟ್ಟರೆ ಅಂಥದ್ದೇ ಬೇರೆಲ್ಲಿದೆ ಅಂತ ಹುಡುಕಿಕೊಡುವ ಆ್ಯಪ್) ಚಿತ್ರ ಬಿಟ್ಟು ಅಕ್ಷರದ ಹಿಂದೆ ಹೋಗುತ್ತದೆ. ಲೆನ್ಸಿಗೆ ಹಾಕಿದರೆ ಅದೇ ದೃಶ್ಯ ಹಲವು ವರ್ಷ ಹಿಂದೆ ಬೇರೆ ದೇಶದ ಅಣೆಕಟ್ಟೆಯ ಹೆಸರಲ್ಲಿ ಅಪ್‌ಲೋಡ್ ಆಗಿದ್ದು ಸಿಕ್ಕಿತು. ಆ ಲಿಂಕನ್ನು ಇಟ್ಟುಕೊಂಡೆ.

ಇಲ್ಲಿಗೇ ‘ಎಲ್ಲಾ ಸುಳ್ಳು, ಯಾರೂ ಹೆದರಬೇಡಿ’ ಅಂತ ಹಾಕಿಬಿಟ್ಟರೆ ಅದು ಇನ್ನೂ ಅಪಾಯ. ಏಕೆಂದರೆ ನೀರು ನಿಜವಾಗಿಯೂ ಬರುತ್ತಿತ್ತು. ಆ ಗೇಟಿನ ಜಾಗಕ್ಕೆ ಸ್ಟಾಪ್‌ಲಾಗ್, ಅಂದರೆ ತಾತ್ಕಾಲಿಕ ತಡೆ, ಇಳಿಸಬೇಕಾದರೆ ಡ್ಯಾಮಿನ ನೀರು ಇಳಿಯಬೇಕು. ಒತ್ತಡ ತಗ್ಗಿಸಲು ಉಳಿದ ಗೇಟುಗಳನ್ನೂ ತೆಗೆದು ಸುಮಾರು ಒಂದು ಲಕ್ಷ ಕ್ಯೂಸೆಕ್ ನೀರನ್ನು ಹೊಳೆಗೆ ಬಿಡುತ್ತಿದ್ದರು. ಸುಳ್ಳನ್ನು ಅಲ್ಲಗಳೆಯುವ ಭರದಲ್ಲಿ ನಿಜವಾದ ಎಚ್ಚರಿಕೆಯೂ ಕೊಚ್ಚಿಹೋಗಬಾರದು ಅಲ್ವಾ? ಜಿಲ್ಲಾಡಳಿತದ ಪ್ರಕಟಣೆ ನೋಡಿ ಖಾತ್ರಿ ಮಾಡಿಕೊಂಡು ಹೀಗೆ ಬರೆದೆ: ‘ಒಂದು ಗೇಟು ಹೋಗಿರುವುದು ನಿಜ. ಡ್ಯಾಮ್ ಒಡೆದಿಲ್ಲ. ಬಂದಿರುವ ವಿಡಿಯೋ ನಮ್ಮ ಡ್ಯಾಮಿನದ್ದಲ್ಲ, ಹಳೆಯದು. ಹೊಳೆಗೆ ನೀರು ಜಾಸ್ತಿ ಬಿಡುತ್ತಿದ್ದಾರೆ. ದನ, ಪಂಪ್‌ಸೆಟ್ ಮೇಲಕ್ಕೆ ತನ್ನಿ, ಹೊಳೆಗೆ ಇಳಿಯಬೇಡಿ.’ ಸುಳ್ಳು ವಿಡಿಯೋವನ್ನು ಮತ್ತೆ ಹಾಕಲಿಲ್ಲ. ತಿದ್ದುವ ನೆಪದಲ್ಲಿ ಹಾಕಿದರೂ ಅದು ಹತ್ತು ಕಡೆ ಹೋಗುತ್ತದೆ.

ಗ್ರೂಪಿಗೆ ಅದನ್ನು ಹಾಕಿದ್ದ ಹಿರಿಯರಿಗೆ ಫೋನ್ ಮಾಡಿದೆ. ಎಲ್ಲರೆದುರು ತಪ್ಪು ಎತ್ತಿ ಆಡಿದರೆ ಯಾರೂ ಒಪ್ಪುವುದಿಲ್ಲ.

‘ನಮ್ಮ ಅಳಿಯ ಕಳ್ಸ್ಯಾನ. ಬೆಂಗಳೂರಾಗ ಇರ್ತಾನ, ಅವಂಗ ಗೊತ್ತಿರಲ್ಲೇನು?’ ಅಂದರು.

‘ಅವ್ರಿಗೂ ಯಾರೋ ಕಳ್ಸಿರ್ತಾರ ಮಾವ. ಆ ಗುಡ್ಡ ಒಮ್ಮೆ ನೋಡ್ರಿ, ನಮ್ಮವೇನು?’

ಸ್ವಲ್ಪ ಹೊತ್ತು ಬಿಟ್ಟು, ‘ಹೌದಲ್ಲೋ, ನಮ್ಮ ಗುಡ್ಡ ಅಲ್ಲ ಬಿಡು ಇವು’ ಅಂದರು. ಆಮೇಲೆ ಅಳಿಯನಿಗೂ ಅವರೇ ಹೇಳಿದರು.

ವಿಡಿಯೋದ ಮೇಲೆ ಎರಡು ಬಾಣದ ಗುರುತಿತ್ತು. ಐದು ಅಥವಾ ಹೆಚ್ಚು ಕೈ ದಾಟಿ ಬಂದ ಮೆಸೇಜಿಗೆ ವಾಟ್ಸಾಪ್ ಆ ಗುರುತು ಹಾಕುತ್ತದೆ. ಅಂಥದ್ದನ್ನು ಕಳಿಸಿದ ಹಿರಿಯರ ಮೇಲೆ ರಿಪೋರ್ಟ್ ಹಾಕಿ ಏನೂ ಆಗುವುದಿಲ್ಲ, ಮೂಲ ಹಿಡಿಯಬೇಕು. ವಿಡಿಯೋದ ಮೂಲೆಯಲ್ಲಿ ಒಂದು ಯೂಟ್ಯೂಬ್ ಚಾನೆಲ್ಲಿನ ಲೋಗೋ ಇತ್ತು. ಅಲ್ಲಿಗೆ ಹೋಗಿ ವಿಡಿಯೋದ ಕೆಳಗಿನ ರಿಪೋರ್ಟ್ ಒತ್ತಿದೆ. ತಪ್ಪು ಮಾಹಿತಿ ಅನ್ನುವ ಆಯ್ಕೆ ಆರಿಸಿ, ಹಳೆಯ ವಿಡಿಯೋದ ಲಿಂಕು ಕೊಟ್ಟು, ‘ಇದು ಬೇರೆ ಡ್ಯಾಮ್, ಹಳೆಯ ಘಟನೆ, ಜನ ಗಾಬರಿಯಾಗುತ್ತಿದ್ದಾರೆ’ ಅಂತ ಬರೆದೆ. ಸುಮ್ನೆ ‘ಫೇಕ್’ ಅಂತ ಬರೆದರೆ ನೋಡುವವರಿಗೆ ಏನೂ ತಿಳಿಯುವುದಿಲ್ಲ.

ಗ್ರೂಪಿನಲ್ಲಿ ಎಲ್ಲರಿಗೂ ಕಾಣದಂತೆ ಮೆಸೇಜ್ ಅಳಿಸುವ ಅಧಿಕಾರ ಅಡ್ಮಿನ್‌ಗೆ ಇದೆ. ಆದರೆ ಅಳಿಸುವ ಮುಂಚೆ ನಂಬರು, ದಿನಾಂಕ, ಸಮಯ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದು, ವಿಡಿಯೋ ಉಳಿಸಿ, ಲಿಂಕು ಬರೆದಿಟ್ಟುಕೊಳ್ಳುತ್ತೇನೆ. ಪೊಲೀಸರು ಮೊದಲು ಕೇಳುವುದು ಅದನ್ನೇ. ವಿಪತ್ತಿನ ಬಗ್ಗೆ ಸುಳ್ಳು ಎಚ್ಚರಿಕೆ ಹಬ್ಬಿಸಿ ಜನರನ್ನು ಗಾಬರಿಪಡಿಸಿದರೆ 2005ರ ವಿಪತ್ತು ನಿರ್ವಹಣಾ ಕಾಯ್ದೆಯ 54ನೇ ಸೆಕ್ಷನ್ ಪ್ರಕಾರ ಒಂದು ವರ್ಷದವರೆಗೆ ಜೈಲು ಅಥವಾ ದಂಡ. ಸೈಬರ್ ಅಪರಾಧ ನೋಡುವ ಜಿಲ್ಲೆಯ ಸೆನ್ ಪೊಲೀಸ್ ಠಾಣೆಗೆ ದೂರು ಕೊಡಬಹುದು. ಜನ ಗುಂಪು ಸೇರಿ ಗಲಾಟೆ ಆಗುವ ಸೂಚನೆ ಇದ್ದರೆ ನೇರ 112.

ಆ ಸೂಚನೆಯನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. 2018ರಲ್ಲಿ ಮಕ್ಕಳ ಕಳ್ಳರ ವಿಡಿಯೋ ಓಡಾಡಿದ್ದು ನೆನಪಿದೆಯಲ್ಲ? ಅದು ಕರಾಚಿಯಲ್ಲಿ ಜಾಗೃತಿಗಾಗಿ ಮಾಡಿದ ವಿಡಿಯೋ. ಕೊನೆಯಲ್ಲಿ ಮಗುವನ್ನು ವಾಪಸ್ ಬಿಡುವ ಭಾಗ ಕತ್ತರಿಸಿ ಹಂಚಿದ್ದರು. ಆ ವದಂತಿಯ ಕಾಲದಲ್ಲೇ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದ ಒಬ್ಬ ಯುವಕನನ್ನು ಹೊಡೆದು ಕೊಂದರು. ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟ ತಂಡದ ಮೇಲೆ ಜನ ಮುಗಿಬಿದ್ದು, ಹೈದರಾಬಾದಿನ ಎಂಜಿನಿಯರ್ ಒಬ್ಬರು ಸತ್ತರು.

ಕೇಂದ್ರ ಸರ್ಕಾರದ ಯೋಜನೆ ಹೆಸರಿನ ‘ಫ್ರೀ ಲ್ಯಾಪ್‌ಟಾಪ್’ ಥರದ ಲಿಂಕುಗಳನ್ನು ಕೇಂದ್ರದ ವಾರ್ತಾ ಸಂಸ್ಥೆಯ ಸತ್ಯಪರಿಶೀಲನೆ ವಿಭಾಗವಾದ ಪಿಐಬಿ ಫ್ಯಾಕ್ಟ್ ಚೆಕ್‌ಗೆ ಕಳಿಸುತ್ತೇನೆ. ಅವರು ನೋಡುವುದು ಕೇಂದ್ರದ ವಿಷಯ ಮಾತ್ರ. ರಿಪೋರ್ಟ್ ಮಾಡಿದ್ದಕ್ಕೆ ಉತ್ತರವೇ ಬರದಿದ್ದರೆ ಆ ಕಂಪನಿಯ ದೂರು ಅಧಿಕಾರಿಗೆ ಇಮೇಲ್ ಹಾಕುತ್ತೇನೆ. ಅಂಥ ಅಧಿಕಾರಿಯ ಹೆಸರು, ವಿಳಾಸವನ್ನು ಕಂಪನಿ ತನ್ನ ವೆಬ್‌ಸೈಟಿನಲ್ಲೋ ಆ್ಯಪಿನಲ್ಲೋ ಹಾಕಲೇಬೇಕು ಅಂತ 2021ರ ಐಟಿ ನಿಯಮದಲ್ಲೇ ಇದೆ.